ಮೇಟಿ ಕಿತ್ತ ವರ್ಷ

ಆಗೆಲ್ಲ ನಮ್ಮ ಕಡೆ ರಾಗಿಯನ್ನು ಮನೆಯೊಳಗೆ ಇಡುತ್ತಿರಲಿಲ್ಲ, ನೆಲದೊಳಗೆ ಇಡುತ್ತಿದ್ದರು. ಹಗೇವು ಅಂದರೆ ಈಗಿನವರಿಗೆ ಗೊತ್ತಿಲ್ಲ. ನನ್ನ ವಯಸ್ಸಿನವರಿಗೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಮೂಗಿಗೆ ವಾಸನೆ ಬಂದುಬಿಡುತ್ತದೆ. ಕಣದ ಗಟ್ಟಿ ನೆಲದಲ್ಲಿ ಆಳುದ್ದಕ್ಕಿಂತ ಆಳವಾಗಿ ತೋಡಿದ ಗುಳಿ ಅದು. ಬಾಯಿ ಒಬ್ಬರು ಇಳಿಯುವಷ್ಟೇ, ಹೊಟ್ಟೆ ಮಾತ್ರ ಗುಡಾಣದ ಹಾಗೆ ಅಗಲ. ಒಳಗೆ ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ತುಳಿದು ಸಗಣಿ ಸಾರಿಸಿಬಿಟ್ಟರೆ ಮುಗಿಯಿತು. ಅದರ ಮೇಲೆಯೇ ನಿಂತವನಿಗೂ ಅಲ್ಲಿ ಹಗೇವು ಇದೆ ಅಂತ ತಿಳಿಯದು. ತಿಳಿಯಲೂ ಬಾರದು. ಕಳ್ಳರಿಗೆ ಹೆದರಿಯೇ ಹಾಗೆ ಮಾಡುತ್ತಿದ್ದದ್ದು. ಎಲ್ಲಿದೆ ಅನ್ನುವುದು ಮನೆಯ ಯಜಮಾನನಿಗೆ ಮಾತ್ರ ಗೊತ್ತು. ಅವನು ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ.

ನಮ್ಮ ಮನೆಯ ಯಜಮಾನ ನಮ್ಮ ತಾತ, ಅಪ್ಪನ ಅಪ್ಪ. ಹಿರೀಸಾವೆಯಿಂದ ಒಂದಿಷ್ಟು ಒಳಗೆ ನಮ್ಮೂರು. ತಾತನ ಬಾಯಿಂದ ಮಾತು ಹೊರಡುವುದೇ ಕಷ್ಟ. ಮನೆಯಲ್ಲಿ ತಾತ, ಅಪ್ಪ, ಅವ್ವ, ನಾನು, ಇಷ್ಟೇ ಜನ. ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದಳು. ತಮ್ಮ ಇನ್ನೂ ಹುಟ್ಟಿರಲಿಲ್ಲ. ನಾನು ಕೂತಲ್ಲಿ ಕೂರುವ ಹುಡುಗಿಯಲ್ಲ. ಉಣ್ಣುವಾಗಲೂ ಎದ್ದು ಎದ್ದು ಓಡುತ್ತಿದ್ದೆ. "ನಿಂಗಿ ಕಾಲಿಗೆ ಇರುವೆ ಅತ್ಕಂಡವೆ" ಅಂತ ಅವ್ವ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ರಾಗಿ ಒಕ್ಕಣೆ ಆಯಿತು. ಕಣದ ನಡುವೆ ನೆಟ್ಟ ಕಂಬಕ್ಕೆ ಮೇಟಿ ಅನ್ನುತ್ತಾರೆ. ಅದಕ್ಕೆ ಎತ್ತು ಕಟ್ಟಿ, ಹರಡಿದ ತೆನೆಯ ಮೇಲೆ ಸುತ್ತಿಸುವುದು. ಎತ್ತಿನ ಹಿಂದೆ ನಾನೂ ಸುತ್ತುತ್ತಿದ್ದೆ. ಎತ್ತು ಸಗಣಿ ಹಾಕಿದರೆ ಅದು ರಾಗಿಯ ಮೇಲೆ ಬೀಳುವ ಮೊದಲು ಕೈಯೊಡ್ಡಿ ಹಿಡಿಯುವುದು ನನ್ನ ಕೆಲಸ. ಆ ಕೆಲಸಕ್ಕೆ ನನ್ನಂಥವಳೇ ಬೇಕು. ಹುಲ್ಲಿನ ಸುಂಕು ಮೈಗೆಲ್ಲ ಕಡಿಯುತ್ತಿತ್ತು. ಮಧ್ಯಾಹ್ನಕ್ಕೆ ಅವ್ವ ಹಿತಕಿದ ಅವರೆಬೇಳೆ ಸಾರು, ಮುದ್ದೆ ಹೊತ್ತು ತರುತ್ತಿದ್ದಳು. ಸಾರಿನ ಮೇಲೂ ಸುಂಕು ತೇಲುತ್ತಿತ್ತು, ಹಾಗೇ ಉಣ್ಣುತ್ತಿದ್ದೆವು.

ಹಗೇವು ತುಂಬುವ ದಿನ ಅಪ್ಪ ಊರಲ್ಲಿರಲಿಲ್ಲ. ಹೊಳೆನರಸೀಪುರದ ಕಡೆ ನಮ್ಮತ್ತೆಯ ಮನೆಯಲ್ಲಿ ಆಲೆ ಹೂಡಿದ್ದರು, ಕಬ್ಬು ಅರೆಯಲು ಗಾಡಿ ಕಟ್ಟಿಕೊಂಡು ಹೋಗಿದ್ದ. ತಾತ, ಅವ್ವ, ನಾನು ಮೂರೇ ಜನ ತುಂಬಿದೆವು. ತಾತ ಮೇಟಿಗೆ ಬೆನ್ನು ಕೊಟ್ಟು ನಿಂತು, ಮೂಡಲ ಕಡೆಗೆ ಹೆಜ್ಜೆ ಹಾಕುತ್ತ ಹೋಗಿ ಒಂದು ಕಡೆ ನಿಂತ. "ಅಗಿ" ಅಂದ. ಅಗೆದರೆ ಚಪ್ಪಡಿ. ಅವ್ವ ಮಂಕರಿಯಲ್ಲಿ ರಾಗಿ ಹೊತ್ತು ತಂದಳು. ನನ್ನನ್ನು ಒಳಗೆ ಇಳಿಸಿ ಗೋಡೆಗೆ ಹುಲ್ಲು ಒತ್ತಿಸಿದರು. ಸಂಜೆಗೆ ಎಲ್ಲ ಮುಚ್ಚಿ, ಸಾರಿಸಿ, ಆ ಜಾಗದ ಮೇಲೆ ಕೋಳಿ ಬಿಟ್ಟೆವು. ಉಳಿದವರು ಒಕ್ಕಣೆ ಮುಗಿದ ಮೇಲೆ ಮೇಟಿ ಕಿತ್ತು ಕೊಟ್ಟಿಗೆಗೆ ಹಾಕುತ್ತಿದ್ದರು. ತಾತ ಮಾತ್ರ ಕೀಳುತ್ತಿರಲಿಲ್ಲ. ಒಕ್ಕಣೆಗೆ ಮುಂಚೆ ಮೇಟಿಗೆ ಪೂಜೆ ಮಾಡುತ್ತಾರಲ್ಲ, ಮುದುಕನಿಗೆ ಭಕ್ತಿ ಜಾಸ್ತಿ ಅಂತ ಊರವರು ತಿಳಿದಿದ್ದರು. ಭಕ್ತಿಯೂ ಇಲ್ಲ, ಗಿಕ್ತಿಯೂ ಇಲ್ಲ. ಅದು ಗುರುತು.

ಯುಗಾದಿಗೆ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡಿ ಬಂದವನೇ ತಾತ ಜಗಲಿಯ ಮೇಲೆ ಬಿದ್ದ. ಬಲಗೈ, ಬಲಗಾಲು, ಬಾಯಿ, ಮೂರೂ ಹೋದವು. ನಾಟಿ ಔಷಧಿ ಕೊಟ್ಟರು, ಪಾರಿವಾಳದ ರಕ್ತ ಸವರಿದರು. ಏನೂ ಆಗಲಿಲ್ಲ. ಎಡಗೈ ಒಂದು ಆಡುತ್ತಿತ್ತು. ಬಾಯಲ್ಲಿ "ಬಾ ಬಾ" ಅನ್ನುವುದು ಬಿಟ್ಟರೆ ಬೇರೆ ಇಲ್ಲ. ಹೀಗೆ ಅಪ್ಪ ಯಜಮಾನನಾದ. ಯಜಮಾನನಿಗೆ ಹೇಳಬೇಕಾದ್ದನ್ನು ಹೇಳುವ ಬಾಯಿ ಬಿದ್ದುಹೋಗಿತ್ತು.

ಬೇಸಿಗೆಯಲ್ಲಿ ಮಲ್ಲಿಪಟ್ಟಣದಲ್ಲಿ ನಮ್ಮ ಸೋದರಮಾವನ ಮದುವೆ. ಅದು ಅವ್ವನ ತವರು. ತಾತನಿಗೆ ಗಂಜಿ ಕುಡಿಸುವ ಕೆಲಸವನ್ನು ಎದುರುಮನೆಯ ಸಣ್ಣಕ್ಕನಿಗೆ ಒಪ್ಪಿಸಿ, ಅವ್ವ ನನ್ನನ್ನು ಕಟ್ಟಿಕೊಂಡು ಹೋದಳು. ಅಲ್ಲಿ ನನಗೆ ಹಬ್ಬ. ಹೊಂಗೆ ನೆರಳಲ್ಲಿ ಕುಂಟೆಬಿಲ್ಲೆ, ಮಾವಿನಕಾಯಿಗೆ ಉಪ್ಪು ಖಾರ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಗೋಡೆಗೆ ಚೆಂಡು ಹೊಡೆಯುವುದು. ಅವ್ವ ಮಾತ್ರ ಚಡಪಡಿಸುತ್ತಿದ್ದಳು. ಮದುವೆ ಮುಗಿದರೂ ಅವಳ ಅವ್ವ ಬಿಡಲಿಲ್ಲ. ಭರಣಿ ಮಳೆ ಬಂತು, ಕೃತ್ತಿಕೆ ಬಂತು. ನಾವು ಊರಿಗೆ ಬಂದಾಗ ರೋಹಿಣಿ ಮಳೆ ಹಿಡಿದಿತ್ತು.

ಊರ ಬಾಗಿಲಲ್ಲೇ ಸಣ್ಣಕ್ಕ ಸಿಕ್ಕಳು. "ನಿಮ್ ಮಾವ ಸುಮ್ಕಿಲ್ಲ ಕಣವ್ವ. ನಿನ್ ಗಂಡ ಆಲೂಗೆಡ್ಡೆ ಆಕ್ದಾಗಿಂದ ನೆಲ ಬಡಿಯಾದೇ ಬಡಿಯಾದು. ಗಂಜಿನೂ ಉಗೀತಾನೆ" ಅಂದಳು.

ಮನೆಗೆ ಬಂದರೆ ನಿಜವೇ. ತಾತ ಎಡಗೈಯಿಂದ ಜಗಲಿಯ ನೆಲವನ್ನು ದಬ್ ದಬ್ ಬಡಿಯುತ್ತಿದ್ದ. ಬಡಿದು, ಕೈಯನ್ನು ಹೊಲದ ಕಡೆಗೆ ಚಾಚಿ, ಮತ್ತೆ ಬಡಿಯುತ್ತಿದ್ದ. ಅಪ್ಪ ನೊಗಕ್ಕೆ ಮಿಣಿ ಹೊಸೆಯುತ್ತ ನಕ್ಕ.

"ಗೆಡ್ಡೆ ಬೆಳೆಯಾದು ಕಂಡ್ರೆ ಮೊದ್ಲಿಂದ್ಲೂ ಆಗಾಕಿಲ್ಲ ಮುದುಕಂಗೆ. ನೆಲ್ದೊಳಗೆ ಕೊಳೆಯೋ ಪದಾರ್ಥ ಅಂತಿದ್ದ. ಹಾಸನದ ಕಡೆಯೋರೆಲ್ಲ ಬೆಳ್ದು ಉದ್ಧಾರ ಆಗವ್ರೆ. ನಾವು ರಾಗಿ ರಾಗಿ ಅಂತ ಸಾಯಬೇಕಾ?"

"ಯಾವ ವಲಕ್ಕೆ ಆಕುದ್ರಿ?" ಅಂದಳು ಅವ್ವ. ಗಂಟು ಇನ್ನೂ ತಲೆಯ ಮೇಲೇ ಇತ್ತು.

"ಕಣಾನೂ ಸೇರ್ಸಿ ಉತ್ತಾಕ್ದೆ. ಬೇಲಿನೂ ತೆಗ್ದೆ. ಒಳ್ಳೆ ಗೊಬ್ಬರದ ನೆಲ, ವರ್ಸ ಪೂರ್ತಿ ಸುಮ್ನೆ ಬಿದ್ದಿರ್ತಿತ್ತು."

"ಮೇಟಿ?"

"ಕಿತ್ತೆ. ನೇಗಿಲಿಗೆ ಅಡ್ಡ ಆಯ್ತಿತ್ತು. ಕೊಟ್ಟಿಗೆ ಮ್ಯಾಲೆ ಆಕಿವ್ನಿ."

ಅವ್ವ ಗಂಟನ್ನು ಧೊಪ್ಪನೆ ಇಳಿಸಿದಳು. "ಮಾವ ಗೆಡ್ಡೆಗೆ ಬಡ್ಕತಿಲ್ಲ ಕಣ್ರೀ. ಅಗೇವು ಎಲ್ಲದೆ, ಗೊತ್ತಾ ನಿಮಗೆ?"

"ನಂಗ್ಯಾಕೆ, ನಿಂಗೆ ಗೊತ್ತಲ್ಲ. ಮಂಕರಿ ಹೊತ್ತೋಳು ನೀನೇಯ."

"ಮೇಟಿಯಿಂದ ಹೆಜ್ಜೆ ಆಕುದ್ರು ಮಾವ. ಈಗ ಎಲ್ಲಿಂದ ಆಕ್ಲಿ? ನಿಮ್ ತಲೆಯಿಂದ್ಲಾ?"

ಅಪ್ಪನ ಕೈಯಲ್ಲಿ ಮಿಣಿ ನಿಂತಿತು. ಜಗಲಿಯ ಮೇಲೆ ತಾತ ಬಡಿಯುವುದನ್ನು ಬಿಟ್ಟ. ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ ಅಂತಿರಬೇಕು, ಕಣ್ಣಲ್ಲಿ ನೀರು ಹಾಕಿಕೊಂಡು ಅವ್ವನನ್ನೇ ನೋಡಿದ.

ಮೂವರೂ ಹೊಲಕ್ಕೆ ಓಡಿದೆವು. ಕಣವಿದ್ದ ಜಾಗ ಯಾವುದು, ಹೊಲ ಯಾವುದು, ಗೊತ್ತಾಗುವ ಹಾಗಿರಲಿಲ್ಲ. ಉದ್ದಕ್ಕೂ ಗೆಡ್ಡೆಗೆ ಏರಿಸಿದ ಮಣ್ಣಿನ ದಿಂಡು, ಸಾಲು ಸಾಲು. "ಇಲ್ಲಿತ್ತು ಮೇಟಿ" ಅಂದ ಅಪ್ಪ. "ಅಲ್ಲಲ್ಲ, ಇಲ್ಲಿ" ಅಂದಳು ಅವ್ವ. ನಾನು ಇನ್ನೊಂದು ಕಡೆ ತೋರಿಸಿದೆ. ಎತ್ತಿನ ಹಿಂದೆ ಅಷ್ಟು ಸುತ್ತು ಸುತ್ತಿದವಳು ನಾನು, ಆದರೂ ಕಂಬ ಇಲ್ಲದೆ ನನಗೂ ದಿಕ್ಕು ತಿಳಿಯಲಿಲ್ಲ.

"ಗೆಡ್ಡೆ ಕಿತ್ಮೇಲೆ ಹುಡುಕಾನ. ರಾಗಿ ಎಲ್ಲಿಗ್ ಓದಾತು?" ಅಂದ ಅಪ್ಪ.

"ಎಲ್ಲಿಗೂ ಓಗಾಕಿಲ್ಲ. ಅಲ್ಲೇ ಮೊಳಕೆ ಬತ್ತದೆ. ನೇಗಿಲು ಮ್ಯಾಲಿನ ಮಣ್ಣು ಬಿಡ್ಸೈತೆ, ನೀರು ಇಳೀತದೆ."

ಅಲ್ಲಿಂದ ಶುರುವಾಯಿತು ನಮ್ಮ ಗೋಳು. ಸಾಮಾನ್ಯವಾಗಿ ದಿನದ ಖರ್ಚಿಗೆ ಅಂತ ಮನೆಯ ವಾಡೆಯಲ್ಲಿ, ಅಂದರೆ ದೊಡ್ಡ ಮಣ್ಣಿನ ಗುಡಾಣದಲ್ಲಿ, ಇಟ್ಟ ಒಂದಿಷ್ಟು ರಾಗಿ ಆಷಾಢದವರೆಗೆ ಬರುತ್ತಿತ್ತು. ಅದು ಮುಗಿದ ಮೇಲೆ ಹಗೇವು ತೆಗೆದರೆ ಹೊಸ ರಾಗಿ ಬರುವವರೆಗೆ ಅದೇ ಊಟ. ಆ ವರ್ಷ ಅವ್ವ ಮೊದಲ ದಿನದಿಂದಲೇ ಮುದ್ದೆ ಚಿಕ್ಕದು ಮಾಡಿದಳು. ಹುರುಳಿ ಬೇಯಿಸಿದಳು, ಬೆರಕೆ ಸೊಪ್ಪಿನ ಉಪ್ಪುಸಾರು ಕುಡಿಸಿದಳು. ನೆರೆಯವರಲ್ಲಿ ಕೇಳಲು ಒಪ್ಪಲಿಲ್ಲ. ರಾಗಿ ಇಲ್ಲದವರು ಕೇಳುವುದು ಬೇರೆ, ಇಟ್ಟು ಕಳೆದುಕೊಂಡವರು ಕೇಳುವುದು ಬೇರೆ ಅಂದಳು. ಆದರೂ ಊರಿಗೆ ತಿಳಿಯದೆ ಇರುತ್ತದೆಯೇ? ಸಣ್ಣಕ್ಕ ಬಾವಿಯ ಹತ್ತಿರ ಎಲ್ಲರ ಮುಂದೆಯೇ ಅಂದಳು:

"ನಿಮ್ಮನೆ ರಾಗಿಗೆ ಭೂಮ್ತಾಯೇ ಕಾವಲು ಬುಡವ್ವ. ಕಳ್ಳಂಗೂ ಸಿಗಾಕಿಲ್ಲ, ನಿಮ್ಗೂ ಸಿಗಾಕಿಲ್ಲ."

ಎಲ್ಲರೂ ನಕ್ಕರು. ನಗುವ ಮಾತೇ ಅದು. ಅವ್ವ ಮಾತ್ರ ಬಿಂದಿಗೆ ಕುಕ್ಕಿ ಬಂದಳು, ತಳ ತಗ್ಗಿತು.

ಮಳೆ ಬಂದಾಗಲೆಲ್ಲ ತಾತ ಬಡಿಯುತ್ತಿದ್ದ. ಹಂಚಿನ ಮೇಲೆ ಮಳೆಯ ಸದ್ದು, ಜಗಲಿಯ ಮೇಲೆ ಕೈಯ ಸದ್ದು. ಮೃಗಶಿರ ಹೋಗಿ ಆರಿದ್ರ ಬಂತು. ಬೇರೆ ಹೊಲಕ್ಕೆ ರಾಗಿ ಬಿತ್ತಿದರು. ಅವ್ವ ರಾಗಿಯ ನಡುನಡುವಿನ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಹಾಕಿದಳು. ಕೈ ಬೀಜ ಬಿಡುತ್ತಿತ್ತು, ಕಣ್ಣು ಗೆಡ್ಡೆ ಹೊಲದ ಮೇಲಿರುತ್ತಿತ್ತು. ಯಾರಿಗೂ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಅಪ್ಪ ಹೊಲಕ್ಕೆ ಹೋದವನು ಸುಮ್ಮನೆ ವಾಪಸ್ಸು ಬರುತ್ತಿದ್ದ. ಬಂದವನು ಮತ್ತೆ ಹೋಗುತ್ತಿದ್ದ. ನಾನೊಬ್ಬಳೇ ಮೊದಲು ಹಾಗಿದ್ದದ್ದು, ಆ ಮಳೆಗಾಲದಲ್ಲಿ ಮನೆಮಂದಿಯೆಲ್ಲ ನನ್ನ ಹಾಗೇ ಆದರು.

ಒಂದು ಬೆಳಿಗ್ಗೆ ಅವ್ವ ಹಾರೆ ತೆಗೆದುಕೊಂಡು ಹೋಗಿ ದಿಂಡಿನ ಮಧ್ಯೆ ಚುಚ್ಚತೊಡಗಿದಳು. ಚುಚ್ಚಿದ ಕಡೆಯೆಲ್ಲ ಗಿಡ ಅಲ್ಲಾಡುತ್ತಿತ್ತು. ಅಪ್ಪ ಓಡಿ ಬಂದು ಹಾರೆ ಹಿಡಿದ.

"ಲೇ, ಗೆಡ್ಡೆ ಕಟ್ಟೋ ಹೊತ್ತು ಕಣಮ್ಮೀ! ಬೇರು ಅಲ್ಲಾಡುದ್ರೆ ಎಲ್ಲಾ ಓಯ್ತದೆ!"

"ಓಗ್ಲಿ. ಗೆಡ್ಡೇನ ಮುದ್ದೆ ಮಾಡಿ ಉಣ್ತೀರಾ?"

"ಮಾರಿ ರಾಗಿ ತರಾನ."

"ನೆಲದಾಗೆ ರಾಗಿ ಇಟ್ಕಂಡು ಸಂತೇಲಿ ರಾಗಿ ತರಾದಾ? ಉಗೀತಾರೆ ಜನ."

ಹಾರೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ನಾನು ಇಬ್ಬರ ಸುತ್ತ ಓಡುತ್ತ ಅಳುತ್ತಿದ್ದೆ. ಕೊನೆಗೆ ಅವ್ವನೇ ಬಿಟ್ಟಳು. ಆದರೆ ಒಂದು ಹಟ ಹಿಡಿದಳು. ನಾಳೆಯಿಂದ ಮಾವನನ್ನು ಹೊಲಕ್ಕೆ ಹೊತ್ತು ತರಬೇಕು. ನೋಡುತ್ತ ಕೂತರೆ ಎಲ್ಲಾದರೂ ಜ್ಞಾಪಕ ಬಂದೀತು.

ಹೊಲದ ಅಂಚಿನಲ್ಲಿ ಒಂದು ಹೊಂಗೆ ಮರ. ಬೆಳಿಗ್ಗೆ ಅಪ್ಪ ತಾತನನ್ನು ಹೊತ್ತು ತಂದು ಮರದ ಕೆಳಗೆ ಮಂಚದ ಮೇಲೆ ಹಾಕುತ್ತಿದ್ದ, ಸಂಜೆ ಹೊತ್ತು ಹೋಗುತ್ತಿದ್ದ. ಮಳೆ ಬಂದರೆ ಮೇಲೆ ಗೊರಗ ಮುಚ್ಚುತ್ತಿದ್ದೆವು. ಮೊದಲ ದಿನ ಅಪ್ಪ "ಎಲ್ಲಿ ತೋರ್ಸಪ್ಪ, ತೋರ್ಸು" ಅಂದ. ತಾತ ಕೈಯೆತ್ತಿದ, ಹಾಗೇ ಇಳಿಸಿದ. ಅವನಿಗೂ ತಿಳಿಯುತ್ತಿರಲಿಲ್ಲ. ಆಯುಷ್ಯವೆಲ್ಲ ಮೇಟಿಯಿಂದ ಹೆಜ್ಜೆ ಹಾಕಿದವನು, ಮರದಿಂದ ಎಂದೂ ಅಳೆದಿರಲಿಲ್ಲ. ಆದರೂ ನೋಡುತ್ತಲೇ ಕೂತ. ಗೆಡ್ಡೆಗೆ ಹಂದಿ ಬೀಳದ ಹಾಗೆ ಇಷ್ಟು ಚೆನ್ನಾಗಿ ಕಾಯುವ ಕಾವಲುಗಾರ ಯಾರಿಗೂ ಸಿಕ್ಕಿಲ್ಲ ಅಂತ ದಾರಿಯಲ್ಲಿ ಹೋಗುವವರು ಆಡಿಕೊಂಡರು.

ವಾಡೆಯ ತಳ ಕೆರೆಯುವ ಹೊತ್ತಿಗೆ ಮಳೆ ಬಿಡುವು ಕೊಟ್ಟಿತು. ಬಿಸಿಲು ಸುಡುಸುಡು ಬಿತ್ತು. ಒಂದು ಮಧ್ಯಾಹ್ನ ನಾನು ಬದುವಿನ ಮೇಲೆ ಓತಿಕ್ಯಾತದ ಹಿಂದೆ ಬಿದ್ದಿದ್ದೆ. ಹಿಂದಿನಿಂದ ತಾತ ಮಂಚದ ಪಟ್ಟಿಯನ್ನು ಬಡಿಯುವ ಸದ್ದು. ಮಳೆ ಇಲ್ಲದೆ ಬಡಿಯುತ್ತಾನಲ್ಲ ಅಂತ ಹೋದರೆ, ಕೈಯನ್ನು ಹೊಲದ ಒಳಗೆ ಚಾಚಿ "ಬಾ ಬಾ ಬಾ" ಅನ್ನುತ್ತಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅಪ್ಪನನ್ನು ಕೂಗಿದೆ.

ಅಪ್ಪ ಬಂದು ತಾತ ತೋರಿಸಿದ ಕಡೆ ನೋಡಿದ. ಹೊಲವೆಲ್ಲ ಹಸಿರಾಗಿ ನಿಂತಿತ್ತು. ಒಂದು ಕಡೆ ಮಾತ್ರ ಒಂದಿಷ್ಟು ಗಿಡ ಬಾಡಿ ಎಲೆ ಇಳಿಬಿಟ್ಟಿದ್ದವು. ಅಪ್ಪನ ಮುಖ ಕಪ್ಪಗಾಯಿತು.

"ಅಂಗಮಾರಿ ಬಂತು! ಅದನ್ನೇ ತೋರುಸ್ತಾವ್ನೆ ನೋಡು. ಸಂತೋಷ ಆಯ್ತಾ ಈಗ? ಗೆಡ್ಡೆ ಬ್ಯಾಡ ಅಂದಿದ್ದೆ ಅಂತ ಕುಣೀತಾ ಇದ್ದೀಯಾ?" ಅಂತ ತಾತನಿಗೆ ಬೈದ. ತಾತ ಇನ್ನೂ ಜೋರಾಗಿ ಬಡಿದ.

ರೋಗ ಉಳಿದ ಗಿಡಗಳಿಗೆ ಹರಡದಿರಲಿ ಅಂತ ಅಪ್ಪ ಆ ಗಿಡಗಳನ್ನು ಕಿತ್ತು ಸುಡಲು ಹೊರಟ. "ಬಾರಮ್ಮೀ ನಿಂಗಿ, ಕೀಳು" ಅಂದ. ನಾನೂ ಕಿತ್ತೆ. ಕಿತ್ತ ಗಿಡದ ಬುಡ ಒಣಗಿ ಧೂಳಾಗಿತ್ತು. ಪಕ್ಕದ ಸಾಲಿನ ಮಣ್ಣು ಹಸಿಯಾಗೇ ಇತ್ತು. ಅಪ್ಪ ಬೇರೂ ಉಳಿಯಬಾರದು ಅಂತ ಗುದ್ದಲಿ ಹಾಕಿದ. ಠಣ್ ಅಂತು.

ಅಪ್ಪ ಹಾಗೇ ಬಗ್ಗಿಕೊಂಡೇ ನಿಂತ. ನಾನು ಮನೆಗೆ ಓಡಿದ ಓಟಕ್ಕೆ ಲಂಗ ಹರಿಯಿತು. ಅವ್ವ ಬಂದು ನೋಡಿ, "ಚಪ್ಪಡಿ ಮ್ಯಾಲಿನ ಮಣ್ಣು ಗೇಣುದ್ದ ಇಲ್ಲ, ಬಿಸ್ಲಿಗೆ ಬಾಡ್ದೆ ಏನಾದಾವು" ಅಂದಳು. ಆಮೇಲೆ ಮಂಚದ ಹತ್ತಿರ ಹೋಗಿ ಸೆರಗಿನಿಂದ ತಾತನ ಜೊಲ್ಲು ಒರೆಸಿದಳು. "ನೀವೇ ಕಂಡಿಡುದ್ರಿ ಕಣ್ ಮಾವ. ನಿಮ್ ಮಗಂಗೆ ರೋಗ ಕಾಣಿಸ್ತು" ಅಂದಳು. ಅಪ್ಪ ಚಪ್ಪಡಿಯ ಮೇಲಿನ ಮಣ್ಣು ಎಳೆಯತೊಡಗಿದ.

ಚಪ್ಪಡಿ ಜರುಗಿಸಿದ ಕೂಡಲೇ ಕಾವು ಬುಗ್ಗನೆ ಎದ್ದಿತು. ಹಗೇವಿನ ಗಾಳಿ ಕೆಟ್ಟದ್ದು, ತೆಗೆದ ತಕ್ಷಣ ಇಳಿದವರು ಮೇಲೆ ಬರುವುದಿಲ್ಲ. ಬಾಯಿ ತೆರೆದು ಬಿಟ್ಟು, ಬೇವಿನ ಕೊಂಬೆ ಆಡಿಸಿದರು. ಮರುದಿನ ಲಾಟೀನು ಹೊತ್ತಿಸಿ ಹಗ್ಗದಲ್ಲಿ ಇಳಿಬಿಟ್ಟರು. ಆರಿಹೋಯಿತು. ಕಂಬಳಿ ಬೀಸಿ ಗಾಳಿ ಆಡಿಸಿದರು. ಮತ್ತೆ ಇಳಿಬಿಟ್ಟಾಗ ದೀಪ ಉರಿಯುತ್ತಲೇ ಇತ್ತು. ಆಗ ನನ್ನ ಸೊಂಟಕ್ಕೆ ಹಗ್ಗ ಕಟ್ಟಿದರು.

"ಒಳಗೋದ್ಮೇಲೆ ಕುಣೀಬ್ಯಾಡ. ಮಾತಾಡ್ತಾನೇ ಇರು. ಸುಮ್ಕಾದ್ರೆ ಎಳ್ಕಂಡ್ಬುಡ್ತೀನಿ" ಅಂದಳು ಅವ್ವ. ಹಗ್ಗ ಹಿಡಿದವಳು ಅವಳೇ. ಅಪ್ಪನ ಕೈಗೆ ಕೊಡಲಿಲ್ಲ.

ಒಳಗೆ ಬೆಚ್ಚಗಿತ್ತು, ಅಮ್ಮನ ಮಡಿಲ ಹಾಗೆ ಅಂತೆಲ್ಲ ನಾನು ಬರೆಯುವುದಿಲ್ಲ. ಸೆಕೆ, ಕಮಟು, ಕತ್ತಲು. ಒಂದು ಪಕ್ಕದ ಹುಲ್ಲು ಕೊಳೆತು ಲೋಳೆಯಾಗಿತ್ತು. ಆ ಕಡೆಯ ರಾಗಿ ಕಪ್ಪಗೆ ಹೆಂಟೆ ಕಟ್ಟಿತ್ತು. ಅವ್ವ ಹೇಳಿದಂತೆ ಮೊಳಕೆಯೂ ಬಂದಿತ್ತು, ಬೆಳಕಿಲ್ಲದೆ ಬಿಳಿ ಕೂದಲಿನ ಹಾಗೆ. ನಡುವೆ ಮೊಣಕೈವರೆಗೆ ಕೈ ತೂರಿಸಿದೆ. ಅಲ್ಲಿ ರಾಗಿ ಒಣಗಿತ್ತು, ಬಿಸಿಯಾಗಿತ್ತು, ಬೆರಳ ಸಂದಿಯಲ್ಲಿ ಜಾರುತ್ತಿತ್ತು.

"ಐತೇನಮ್ಮೀ?" ಮೇಲಿನಿಂದ ಅವ್ವ.

"ಐತೆ!"

"ಎಷ್ಟೈತೆ?"

"ಐತೆ ಕಣವ್ವಾ!" ಅಂದೆ. ಎಷ್ಟು ಅನ್ನಲು ನನಗೇನು ಗೊತ್ತು.

ಕೆಟ್ಟದ್ದು ಎತ್ತುಗಳ ಪಾಲಾಯಿತು, ಅವೂ ಮೂಸಿ ಮೂಸಿ ಬಿಟ್ಟವು. ಒಳ್ಳೆಯದು ಮನೆಗೆ ಬಂತು. ಅಂದಿನ ಹಿಟ್ಟಿಗೆ ಹಗೇವಿನ ವಾಸನೆ ಗಾಢವಾಗಿತ್ತು, ಮುದ್ದೆಗೆ ಕೈ ಹಾಕಿದರೆ ಬೆರಳಿಗೆ ಅಂಟಿ ಎರಡು ದಿನ ಹೋಗದಂಥ ವಾಸನೆ. ಅವ್ವ ಸಣ್ಣ ಸಣ್ಣ ತುತ್ತು ಮಾಡಿ ಸಾರಿನಲ್ಲಿ ಅದ್ದಿ ತಾತನ ಬಾಯಿಗೆ ಇಟ್ಟಳು. ತಾತ ಉಗಿಯಲಿಲ್ಲ. ನಾನು ಎದ್ದು ಓಡದೆ ಪೂರ್ತಿ ಉಂಡೆನಂತೆ, ಅವ್ವ ಆಮೇಲೂ ಹೇಳುತ್ತಿದ್ದಳು. ಮಳೆ ಮತ್ತೆ ಹಿಡಿಯಿತು. ತಾತ ಬಡಿಯಲಿಲ್ಲ. ಆ ಸದ್ದಿಲ್ಲದೆ ನಮಗೇ ಏನೋ ಆಗುತ್ತಿತ್ತು, ಎದ್ದು ಎದ್ದು ಹೋಗಿ ನೋಡುತ್ತಿದ್ದೆವು.

ಮುಂದಿನ ಒಕ್ಕಣೆಗೆ ತಾತ ಇರಲಿಲ್ಲ.

ಆಲೂಗೆಡ್ಡೆ ಆ ವರ್ಷ ಚೆನ್ನಾಗೇ ಬಂತು. ಅದೇ ತೊಂದರೆಯಾದದ್ದು. ಹಾಳಾಗಿದ್ದರೆ ಅಪ್ಪ ಬಿಡುತ್ತಿದ್ದನೇನೋ. ಮರುವರ್ಷ ಇನ್ನಷ್ಟು ಹಾಕಿದ, ರಾಗಿ ಹೊಲ ಕಿರಿದಾಯಿತು. ಅಪ್ಪ ಹಗೇವಿನ ಜಾಗವನ್ನು ಊರಿಗೆಲ್ಲ ಕೂಗಿ ಹೇಳಿದ, ಮತ್ತೆ ಕಳೆಯದಿರಲಿ ಅಂತ. ಅವ್ವ ಹೊಂಗೆ ಮರದಿಂದ ಹೆಜ್ಜೆ ಹಾಕಿ ನನಗೆ ಕಲಿಸಿದಳು. ಕಳ್ಳರು ಯಾರೂ ಬರಲಿಲ್ಲ. ಕೆಲವು ವರ್ಷ ತುಂಬಿದೆವು, ಆಮೇಲೆ ತುಂಬುವಷ್ಟು ರಾಗಿಯೇ ಇರಲಿಲ್ಲ. ಚಪ್ಪಡಿ ಮುಚ್ಚಿ ಬಿಟ್ಟರು. ಮೇಟಿಯನ್ನು ಯಾವಾಗಲೋ ನೀರೊಲೆಗೆ ಹಾಕಿದರು.

ಈಗ ನಮ್ಮ ಕಡೆ ಕಣ ಅನ್ನುವುದೇ ಇಲ್ಲ. ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ, ಬಸ್ಸು ಲಾರಿ ತುಳಿದು ಹೋಗುತ್ತವೆ. ಇಲ್ಲವೇ ಮಿಷನ್ನು ಬಂದು ಹೊಲದಲ್ಲೇ ಒಕ್ಕಿ ಚೀಲ ಕಟ್ಟಿ ಕೊಡುತ್ತದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಸಗಣಿ ಹಿಡಿಯುವ ಕೆಲಸ, ಗುಳಿಗೆ ಇಳಿಯುವ ಕೆಲಸ ಯಾವ ಮಗುವಿಗೂ ಬೇಡ. ಆದರೆ ಮಳೆ ಬಂದರೆ ಎದೆ ಹೊಡೆದುಕೊಳ್ಳುವವರು ಯಾರೂ ಇಲ್ಲ. ನೆಲದೊಳಗೆ ತಮ್ಮದು ಏನಾದರೂ ಇದ್ದರೆ ತಾನೇ.

ರಸ್ತೆ ಅಗಲವಾದ ಮೇಲೆ ಆ ಹೊಲ ಹೈವೇ ಪಕ್ಕಕ್ಕೆ ಬಂತು. ತಮ್ಮನ ಮಗ ಮಂಜ ಅಲ್ಲಿ ಹೋಟೆಲ್ ಹಾಕಿದ್ದಾನೆ. ಹೊಂಗೆ ಮರ ಇನ್ನೂ ಇದೆ, ಅದರ ಕೆಳಗೆ ಪಂಚರ್ ಅಂಗಡಿ. ಮೊನ್ನೆ ಹೋದಾಗ ಮರದಿಂದ ಹೆಜ್ಜೆ ಹಾಕಿಕೊಂಡು ಒಳಗೆ ಹೋದೆ. ಕೊನೆಯ ಹೆಜ್ಜೆ ಕಿಟಕಿ ಪಕ್ಕದ ಟೇಬಲ್ಲಿಗೆ ಬಂದು ನಿಂತಿತು. ಅಲ್ಲೇ ಕೂತೆ. ಮಂಜ ಮುದ್ದೆ, ಸೊಪ್ಪಿನ ಸಾರು ತಂದಿಟ್ಟ. ಮುದ್ದೆ ನುಣ್ಣಗಿತ್ತು. ಯಾವ ವಾಸನೆಯೂ ಇರಲಿಲ್ಲ.

"ಇದ್ರ ಕೆಳಗೆ ನಮ್ ಅಗೇವು ಐತೆ ಕಣ್ಲಾ" ಅಂದೆ.

"ಇರ್ಲಿ ಉಣ್ಣತ್ತೆ, ಬಿಸಿ ಆರೋಯ್ತದೆ" ಅಂದ. ಕಣ್ಣು ಬಾಗಿಲಲ್ಲಿ ನಿಂತ ಬಸ್ಸಿನ ಮೇಲಿತ್ತು.

ಹಿಮ್ಮಡಿಯಿಂದ ನೆಲವನ್ನು ದಬ್ ದಬ್ ಕುಟ್ಟಿದೆ. ಅವನು ತಿರುಗಿ ನೋಡಿದ.

"ಯಾಕತ್ತೆ, ಕಾಲು ಜೋಮು ಹಿಡೀತಾ?"

ಹೂಂ ಅಂದೆ.